ಮರದ ರೋಲರ್ ಕೋಸ್ಟರ್‌ಗೆ ವಯಸ್ಸಾದಾಗ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮರದ ರೋಲರ್ ಕೋಸ್ಟರ್ ಒಂದನ್ನು ಹತ್ತಿದೆ. ಉಕ್ಕಿನ ಕೋಸ್ಟರ್‌ಗಳಲ್ಲಿ ಕಾಣದಂಥ ಕುಲುಕಾಟದಿಂದ ಬೆನ್ನು ನೋಯಿತು. ಮರದವೆಲ್ಲ ಹೀಗೆಯೇ ಇರುತ್ತವೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಹೊಸದರಲ್ಲಿ ಇಷ್ಟು ಒರಟಾಗಿರುವುದಿಲ್ಲ. ಮರದ ಕೋಸ್ಟರ್‌ನ ಹಳಿ ಒಂದೇ ತೊಲೆಯಲ್ಲ. ಹಲಗೆಗಳನ್ನು ಪದರಪದರವಾಗಿ ಜೋಡಿಸಿ, ಗಾಲಿ ಉರುಳುವ ಜಾಗದಲ್ಲಿ ಉಕ್ಕಿನ ಪಟ್ಟಿಯನ್ನು ಬಿಗಿದಿರುತ್ತಾರೆ. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಮರದಲ್ಲಿ ಮೊಳೆ, ಬೋಲ್ಟುಗಳ ಹಿಡಿತ ಕ್ರಮೇಣ ಸಡಿಲಗೊಳ್ಳುತ್ತದೆ. ಬೇಸಿಗೆಯಲ್ಲಿ ಎತ್ತಿನ ಗಾಡಿಯ ಚಕ್ರ ಒಣಗಿ ಅದರ ಕಬ್ಬಿಣದ ಪಟ್ಟಿ ಸಡಿಲವಾಗುವುದನ್ನು ನೀವು ನಿಮ್ಮೂರಿನಲ್ಲೇ ಕಂಡಿರಬಹುದು. ಹೆಚ್ಚಿನ ಪೆಟ್ಟು ಬೀಳುವುದು ಇಳಿಜಾರಿನ ತಳದಲ್ಲಿ ಮತ್ತು ತಿರುವುಗಳಲ್ಲಿ. ಅಲ್ಲಿ ಎರಡು ಹಳಿಗಳ ನಡುವಿನ ಅಂತರ ತುಸು ವ್ಯತ್ಯಾಸವಾದರೂ ಬಂಡಿ ಅತ್ತಿತ್ತ ಬಡಿಯುತ್ತದೆ. ಬಡಿದಷ್ಟೂ ಹಳಿ ಇನ್ನಷ್ಟು ಕೆಡುತ್ತದೆ.

ಹಾಗೆಂದು ವಯಸ್ಸೊಂದನ್ನೇ ದೂರುವುದು ನ್ಯಾಯವಲ್ಲ. ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ 1927ರಲ್ಲಿ ಆರಂಭವಾದ ಸೈಕ್ಲೋನ್ ಕೋಸ್ಟರ್ ಇಷ್ಟು ವರ್ಷ ಉಳಿದಿರುವುದು ಹಳಿಯ ಸವೆದ ಭಾಗಗಳನ್ನು ಮತ್ತೆ ಮತ್ತೆ ಬದಲಿಸುತ್ತ ಬಂದಿರುವುದರಿಂದಲೇ. ಇದಕ್ಕೆ ವ್ಯತಿರಿಕ್ತವಾಗಿ, 1990ರಲ್ಲಿ ತೆರೆದ ಟೆಕ್ಸಾಸ್ ಜೈಂಟ್ ಎಂಬ ಮರದ ಕೋಸ್ಟರ್ ಎಷ್ಟು ಒರಟಾಯಿತೆಂದರೆ 2009ರಲ್ಲಿ ಅದನ್ನು ನಿಲ್ಲಿಸಿ, ಮರದ ಆಧಾರದ ಮೇಲೆ ಉಕ್ಕಿನ ಹಳಿ ಕೂರಿಸಿ 2011ರಲ್ಲಿ ಮತ್ತೆ ತೆರೆದರು. ಓಟವೇನೋ ನುಣುಪಾಯಿತು, ಆದರೂ ಮರದ ಹಳಿಯ ಸಹಜ ತೂಗಾಟವನ್ನು ಕಳೆದುಕೊಳ್ಳುವುದಕ್ಕಿಂತ ಸಕಾಲದ ದುರಸ್ತಿಯೇ ಮೇಲೆಂದು ನನ್ನ ದೃಢವಾದ ಅಭಿಪ್ರಾಯ.

ಮುಂದೆ ಹತ್ತುವುದಾದರೆ ಗಾಲಿಯ ನೇರ ಮೇಲಿನ ಸೀಟನ್ನು ಬಿಟ್ಟು ಬಂಡಿಯ ನಡುವಿನ ಸಾಲಿನಲ್ಲಿ ಕುಳಿತುಕೊಳ್ಳಿ. ಅಲ್ಲಿ ಕುಲುಕಾಟ ಸಾಮಾನ್ಯವಾಗಿ ಕಡಿಮೆ. ಬೆನ್ನುನೋವು ಇನ್ನೂ ಇದ್ದರೆ ಹತ್ತದಿರುವುದೇ ಲೇಸು.