ಬಾಯಿ ಸೊಟ್ಟಗಾಗಿದೆ, ಅಕ್ಯುಪಂಕ್ಚರ್ ಮಾಡಿಸಲೇ?

ಪ್ರಶ್ನೆ: ನಿನ್ನೆ ಬೆಳಿಗ್ಗೆ ಎದ್ದಾಗ ತಮ್ಮನ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಬಲಗಣ್ಣು ಮುಚ್ಚುತ್ತಿಲ್ಲ. ಡಾಕ್ಟರು ಬೆಲ್ಸ್ ಪಾಲ್ಸಿ (ಮುಖದ ನರದ ಲಕ್ವ) ಎಂದು ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದಾರೆ. ನಮಗೆ ಸ್ಟೀರಾಯ್ಡ್ ಅಂದರೆ ಭಯ. ಚೀನೀ ವೈದ್ಯಪದ್ಧತಿಯಲ್ಲೇ ಪೂರ್ತಿ ಗುಣವಾಗುತ್ತದಂತೆ, ಹೌದಾ?

ಉತ್ತರ: ಮೊದಲು ಆ ಮಾತ್ರೆ ನುಂಗಿಸಿ. ಆಮೇಲೆ ಉಳಿದಿದ್ದು ಓದಿ.

ಸೂಜಿ ಚುಚ್ಚುವುದೇ ನನ್ನ ಕಸುಬು. ಆದರೂ ಇದೇ ಪ್ರಶ್ನೆಗೆ ಇದೇ ಉತ್ತರ ಬರೆದು ಬರೆದು ಸಾಕಾಗಿದೆ. ಮುಖದ ನರ ಕಿವಿಯ ಹತ್ತಿರದ ಮೂಳೆಯೊಳಗೆ ತುಂಬಾ ಇಕ್ಕಟ್ಟಾದ ದಾರಿಯಲ್ಲಿ ಹಾದು ಬರುತ್ತದೆ. ನರ ಊದಿಕೊಂಡರೆ ಅಲ್ಲಿ ಹಿಗ್ಗಲು ಜಾಗವಿಲ್ಲ, ಹಿಚುಕಿದಂತಾಗುತ್ತದೆ. ಆ ಊತ ಇಳಿಸಲು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬೇಕು, ಅದೂ ತೊಂದರೆ ಶುರುವಾದ 72 ಗಂಟೆಯೊಳಗೆ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಪ್ರಯೋಗದಲ್ಲಿ ಹತ್ತು ದಿನ ಈ ಮಾತ್ರೆ ತೆಗೆದುಕೊಂಡವರಲ್ಲಿ ಶೇ 94ರಷ್ಟು ಮಂದಿಗೆ ಒಂಬತ್ತು ತಿಂಗಳಲ್ಲಿ ಮುಖ ಮೊದಲಿನಂತಾಗಿತ್ತು. ತೆಗೆದುಕೊಳ್ಳದವರಲ್ಲಿ ಸುಮಾರು ಶೇ 82. ಹತ್ತು ದಿನದ ಸ್ಟೀರಾಯ್ಡಿಗೆ ಇಷ್ಟೊಂದು ಹೆದರಬೇಕಾ? ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಹೇಳಿ, ಅಷ್ಟೇ.

ಮಾತ್ರೆ ಇಲ್ಲದವರಲ್ಲೂ ಹೆಚ್ಚಿನವರು ಗುಣವಾದರು, ಗಮನಿಸಿದಿರಾ? ನಕಲಿ ವೈದ್ಯರ ಬಂಡವಾಳ ಇದೇ. ಏನೂ ಮಾಡದಿದ್ದರೂ ಹತ್ತರಲ್ಲಿ ಏಳೆಂಟು ಜನರ ಮುಖ ತಾನಾಗಿ ಸರಿಹೋಗುತ್ತದೆ. ಆ ಹೊತ್ತಿಗೆ ಯಾರು ಏನು ಹಚ್ಚಿದ್ದರೋ ಅವರಿಗೆ ಹೆಸರು. ಚೀನಾದಲ್ಲಿ ಹಿಂದೆ ಹಾವುಮೀನಿನ ರಕ್ತವನ್ನು ಕೆನ್ನೆಗೆ ಬಳಿಯುತ್ತಿದ್ದರು. ಅದರಿಂದಲೂ ‘ಗುಣವಾದವರು’ ಬೇಕಾದಷ್ಟು ಜನ ಇದ್ದಿರಬೇಕು!

ಹಾಗಾದರೆ ಸೂಜಿ ಸುಮ್ನೆನಾ? ಹಾಗೂ ಹೇಳಲಾರೆ. 2013ರಲ್ಲಿ ಚೀನಾದ ವೈದ್ಯರು 338 ರೋಗಿಗಳ ಮೇಲೆ ಮಾಡಿದ ಪ್ರಯೋಗವೊಂದು ಪ್ರಕಟವಾಯಿತು. ಸೂಜಿಯನ್ನು ತಿರುಗಿಸಿ, ಭಾರ, ಜೋಮು ಅನ್ನಿಸುವಷ್ಟು ಪ್ರಚೋದನೆ ಕೊಟ್ಟವರಲ್ಲಿ, ಸೂಜಿ ಚುಚ್ಚಿ ಸುಮ್ಮನೆ ಬಿಟ್ಟವರಿಗಿಂತ ಫಲಿತಾಂಶ ಚೆನ್ನಾಗಿತ್ತು. ಆದರೆ ಎರಡೂ ಗುಂಪಿಗೆ ಪ್ರೆಡ್ನಿಸೋನ್ ಎಂಬ ಅದೇ ಬಗೆಯ ಸ್ಟೀರಾಯ್ಡ್ ಕೊಟ್ಟಿದ್ದರು. ಈ ಸಾಲನ್ನು ಮಾತ್ರ ಯಾರೂ ಓದುವುದಿಲ್ಲ. ಉಳಿದ ಪ್ರಯೋಗಗಳಲ್ಲಿ ಬಹುಪಾಲು ದುರ್ಬಲ. ಹಾಗಾಗಿ ಸೂಜಿ ಬೇಕಿದ್ದರೆ ಮಾತ್ರೆಯ ಜೊತೆಗೆ, ಮುಂದಿನ ವಾರ ಶುರುಮಾಡಿದರೂ ನಡೆಯುತ್ತದೆ. ಬಾಯಿಯ ಮೂಲೆಯ ದಿಚಾಂಗ್, ದವಡೆಯ ಜಿಯಾಚೆ, ಕೈ ಹೆಬ್ಬೆರಳು-ತೋರುಬೆರಳಿನ ನಡುವಿನ ಹೆಗು, ಇವು ನಾವು ಬಳಸುವ ಮುಖ್ಯ ಬಿಂದುಗಳು. ಮೊದಲ ದಿನಗಳಲ್ಲೇ ಮುಖದ ಸೂಜಿಗೆ ಕರೆಂಟ್ ಜೋಡಿಸುವವರ ಹತ್ತಿರ ನಾನಾದರೆ ಹೋಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಕಣ್ಣು. ತಮ್ಮನಿಗೆ ಕಣ್ಣು ಮುಚ್ಚಲು ಹೇಳಿ ನೋಡಿ. ಗುಡ್ಡೆ ಮೇಲಕ್ಕೆ ಹೊರಳಿ, ರೆಪ್ಪೆಯ ಸಂದಿಯಲ್ಲಿ ಬಿಳಿ ಕಾಣುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟರೆ ಕಣ್ಣಿನ ಕರಿಗುಡ್ಡೆ ಒಣಗಿ ಹುಣ್ಣಾಗಬಹುದು. ಮುಖ ಸರಿಹೋದರೂ ದೃಷ್ಟಿ ಮಂಜಾಗಿ ಉಳಿಯಬಹುದು. ಹಗಲು ಕೃತಕ ಕಣ್ಣೀರಿನ ಹನಿ ಹಾಕಿ. ಮಲಗುವಾಗ ಕಣ್ಣಿನ ಮುಲಾಮು ಹಚ್ಚಿ, ರೆಪ್ಪೆ ಪೂರ್ತಿ ಮುಚ್ಚಿಸಿ ಟೇಪ್ ಅಂಟಿಸಿ. ಕಣ್ಣು ಕೆಂಪಾದರೆ, ನೋವಾದರೆ ಅವತ್ತೇ ಕಣ್ಣಿನ ಡಾಕ್ಟರು.

ಪ್ರಶ್ನೆ: ಹುಬ್ಬು ಎತ್ತಲು ಬರುತ್ತದೆ, ಬಾಯಿ ಮಾತ್ರ ವಾಲಿದೆ. ಯಾವ ಬಿಂದು?

ಉತ್ತರ: ಬಿಂದು ಗಿಂದು ಬಿಡಿ. ಮೆದುಳಿನ ಸ್ಟ್ರೋಕ್ ಇರಬಹುದು. ಈಗಲೇ ತುರ್ತು ಚಿಕಿತ್ಸೆಗೆ ಹೊರಡಿ.

ಪ್ರಶ್ನೆ: ಫ್ಯಾನ್ ಗಾಳಿಗೆ ಬಂತಾ?

ಉತ್ತರ: ಹಳೆಯ ಚೀನೀ ಗ್ರಂಥಗಳು ಗಾಳಿಯನ್ನೇ ದೂರುತ್ತವೆ. ನಾನು ಫ್ಯಾನಿನ ಪರ.

ಪ್ರಶ್ನೆ: ಚೇಳು, ರೇಷ್ಮೆಹುಳು ಸೇರಿಸಿದ ಚೀನೀ ಪುಡಿ ತರಿಸಿದ್ದೇವೆ. ಎಷ್ಟು ಕೊಡಬೇಕು?

ಉತ್ತರ: ಒಂದು ಚಿಟಿಕೆಯೂ ಬೇಡ. ಆ ಪುಡಿಯಲ್ಲಿ ಬಾಯ್‌ಫೂಜಿ ಎಂಬ ಗಿಡದ ಗಡ್ಡೆಯೂ ಇರುತ್ತದೆ. ಸರಿಯಾಗಿ ಸಂಸ್ಕರಿಸದಿದ್ದರೆ ಅದು ವಿಷ.

ಪ್ರಶ್ನೆ: ಕಿವಿಯಲ್ಲಿ ವಿಪರೀತ ನೋವು, ಸಣ್ಣ ನೀರುಗುಳ್ಳೆ. ಕಪ್ಪಿಂಗ್ (ಚರ್ಮದ ಮೇಲೆ ಬಟ್ಟಲು ಕವುಚಿ ಎಳೆಸುವುದು) ಮಾಡಿಸಬಹುದಾ?

ಉತ್ತರ: ಬೇಡ. ಇದು ಸರ್ಪಸುತ್ತಿನ ವೈರಸ್ಸಿನ ಕೆಲಸ ಇರಬಹುದು. ವೈರಸ್ ಔಷಧಿಯೂ ಬೇಕಾಗುತ್ತದೆ, ಇವತ್ತೇ ತೋರಿಸಿ.

ಪ್ರಶ್ನೆ: ನಾಲ್ಕು ತಿಂಗಳಾಯಿತು, ಮುಖ ಒಂದಿಷ್ಟೂ ಅಲ್ಲಾಡಿಲ್ಲ. ಸೂಜಿ ಜಾಸ್ತಿ ಮಾಡಿಸಲೇ?

ಉತ್ತರ: ಇರುವುದನ್ನೂ ನಿಲ್ಲಿಸಿ. ಮೂರು ತಿಂಗಳಾದರೂ ಚೂರೂ ಚಲನೆ ಬರದಿದ್ದರೆ ಅದು ಬೆಲ್ಸ್ ಪಾಲ್ಸಿ ಹೌದೋ ಅಲ್ಲವೋ ಎಂದೇ ಮತ್ತೆ ನೋಡಬೇಕು. ನರದ ದಾರಿಯಲ್ಲಿ ಗಡ್ಡೆ ಇದ್ದರೂ ಹೀಗಾಗುತ್ತದೆ. ನರರೋಗ ತಜ್ಞರನ್ನು ಕಂಡು ಎಂಆರ್‌ಐ ಮಾಡಿಸಿ.