ಓದುಗರ ಪ್ರಶ್ನೆ: ರಿಯಾಯಿತಿ ಎಷ್ಟು ಅಂತ ಬೇಡ, ಕೊನೆಗೆ ಎಷ್ಟು ಕೊಡಬೇಕು ಅಂತ ಕೇಳಿ

ಈ ಸಲ ಹೊಸ ಟ್ರ್ಯಾಕ್ಟರ್ ಬೆಲೆ ಬಗ್ಗೆಯೇ ಸಾಕಷ್ಟು ಪ್ರಶ್ನೆಗಳಿವೆ. ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೊದಲ ಸಲ ಹೊಸ ಟ್ರ್ಯಾಕ್ಟರ್ ತಗೊಳ್ಳುತ್ತಿದ್ದೇನೆ, 45 ಎಚ್‌ಪಿ ಆಸುಪಾಸಿನದು. ಮೂರು ಡೀಲರ್ ಹತ್ತಿರ ಹೋಗಿ ಬಂದೆ. ಒಬ್ಬರು ದೊಡ್ಡ ರಿಯಾಯಿತಿ ಕೊಡ್ತೀನಿ ಅಂತಾರೆ. ಇನ್ನೊಬ್ಬರು ಬೆಲೆ ಇಳಿಸಲ್ಲ, ಕಲ್ಟಿವೇಟರ್ ಫ್ರೀ ಅಂತಾರೆ. ಮೂರನೆಯವರು "ನೀವೇ ಒಂದು ರೇಟು ಹೇಳಿ" ಅಂತಾರೆ. ಯಾರದು ನ್ಯಾಯದ ಬೆಲೆ ಅಂತ ತಿಳಿಯುವುದು ಹೇಗೆ?

ಉತ್ತರ: ಮೂವರೂ ಹೇಳಿದ್ದನ್ನು ಪಕ್ಕಪಕ್ಕ ಇಟ್ಟು ನೋಡೋಕೆ ಆಗಲ್ಲ, ಯಾಕಂದ್ರೆ ಮೂವರೂ ಬೇರೆ ಬೇರೆ ಲೆಕ್ಕ ಹೇಳಿದ್ದಾರೆ. ನಿಮ್ಮ ಗೊಂದಲಕ್ಕೆ ಕಾರಣ ಅದೇ, ನಿಮಗೆ ವ್ಯವಹಾರ ಬರಲ್ಲ ಅಂತ ಅಲ್ಲ. ರಿಯಾಯಿತಿಯನ್ನು ಎಲ್ಲಿಂದ ಇಳಿಸಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಅದು ಬರೀ ಮಾತು. ಇಳಿಸಿದ್ದನ್ನೇ ಸಾಗಣೆ, ಫಿಟ್ಟಿಂಗ್, ಕಾಗದಪತ್ರದ ಖರ್ಚು ಅಂತ ಇನ್ನೊಂದು ಸಾಲಿನಲ್ಲಿ ವಾಪಸ್ ಸೇರಿಸಬಹುದು. ಅದಕ್ಕೇ ಷೋರೂಮಿನಲ್ಲಿ ಒಂದೇ ಪ್ರಶ್ನೆ ಕೇಳಿ: "ನೋಂದಣಿ, ವಿಮೆ, ಸಾಗಣೆ ಎಲ್ಲ ಸೇರಿ, ಗಾಡಿ ನನ್ನ ಮನೆ ಮುಂದೆ ನಿಲ್ಲೋ ಹೊತ್ತಿಗೆ ನಾನು ಒಟ್ಟು ಎಷ್ಟು ಕೊಟ್ಟಿರಬೇಕು?" ಆ ಒಂದು ಮೊತ್ತ ಕಾಗದದ ಮೇಲೆ ಬರುವವರೆಗೆ ಚೌಕಾಸಿ ಶುರು ಮಾಡಬೇಡಿ.

ಅದಕ್ಕೂ ಮೊದಲು ಮನೆಯಲ್ಲೇ ಕೂತು ಒಂದು ಹಾಳೆ ಬರೆದುಕೊಳ್ಳಿ. ನಿಮಗೆ ಏನು ಬೇಕು ಅಂತ. 45 ಎಚ್‌ಪಿ ಅಂದ್ರೆ ಅದು ಇಂಜಿನ್ನಿನ ಲೆಕ್ಕ. ರೋಟವೇಟರ್ ತಿರುಗಿಸುವ ಪಿಟಿಒಗೆ, ಅಂದ್ರೆ ಇಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಹಿಂದಿನ ಶಾಫ್ಟಿಗೆ, ಬರುವ ಶಕ್ತಿ ಅದಕ್ಕಿಂತ ಕಡಿಮೆ, ಸಾಮಾನ್ಯವಾಗಿ ನೂರಕ್ಕೆ 85ರಿಂದ 90ರಷ್ಟು. ಅಂದ್ರೆ 38ರಿಂದ 40 ಎಚ್‌ಪಿ. ನೀವು ಹಾಕುವ ಉಪಕರಣಕ್ಕೆ ಬೇಕಾಗಿರುವುದು ಈ ಎರಡನೇ ಅಂಕಿ. ಅದನ್ನು ಬರೆದುಕೊಳ್ಳಿ. ಆಮೇಲೆ ಲಿಫ್ಟ್ ಎಷ್ಟು ಕಿಲೋ ಎತ್ತಬೇಕು, ಪವರ್ ಸ್ಟೀರಿಂಗ್ ಬೇಕಾ, ಕ್ಲಚ್ ಸಿಂಗಲ್ಲಾ ಡಬಲ್ಲಾ, ಹಿಂದಿನ ಟಯರ್ ಯಾವ ಅಳತೆ, ಮುಂದಿನ ಬಂಪರ್, ಹುಕ್ಕು, ಟಾಪ್ ಲಿಂಕ್, ಡ್ರಾಬಾರ್, ವೀಲ್ ವೇಟ್, ಟೂಲ್ ಕಿಟ್, ಹೀಗೆ ಒಂದೂ ಬಿಡದೆ ಬರೆಯಿರಿ.

ಟಯರಿನ ಮಾತು ಸುಮ್ನೆ ಹೇಳಿದ್ದಲ್ಲ. ನಾನು ಟ್ರ್ಯಾಕ್ಟರ್ ತಗೊಂಡಾಗ ಷೋರೂಮಿನಲ್ಲಿ ನಿಂತಿದ್ದ ಗಾಡಿಗೆ ಹಿಂದೆ 14.9-28 ಟಯರ್ ಇತ್ತು. ಮೊದಲ ಅಂಕಿ ಟಯರಿನ ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಇಂಚಿನಲ್ಲಿ. ಮನೆಗೆ ಬಂದ ಗಾಡಿಯಲ್ಲಿ ಇದ್ದದ್ದು 13.6-28. ನೋಡೋಕೆ ಒಂದೇ ಥರ, ಪಕ್ಕದಲ್ಲಿ ನಿಂತು ಕೈಯಿಟ್ಟು ನೋಡಿದಾಗಲೇ ಅಗಲ ಕಡಿಮೆ ಅಂತ ತಿಳಿದದ್ದು. ಕೇಳಿದರೆ, ಕೊಟೇಷನ್ನಿನಲ್ಲಿ ಟಯರ್ ಅಳತೆ ಎಲ್ಲಿ ಬರೆದಿದೆ ತೋರಿಸಿ ಅಂದರು. ಬರೆದಿರಲಿಲ್ಲ. ಹಸಿ ನೆಲದಲ್ಲಿ ಗಾಡಿ ಜಾರಿದಾಗಲೆಲ್ಲ ನನಗೆ ಆ ಕಾಗದವೇ ನೆನಪಾಗುತ್ತಿತ್ತು. ಹಾಗಾಗಿ ಹೇಳ್ತಿದ್ದೇನೆ, ಬಾಯಲ್ಲಿ ಹೇಳಿದ್ದು ಎಷ್ಟೇ ನಂಬಿಕೆಯ ಮಾತಾದರೂ ಕೊಟೇಷನ್ನಿನಲ್ಲಿ ಇಲ್ಲ ಅಂದ್ರೆ ಅದು ಗಾಡಿಯ ಜೊತೆ ಬರಲ್ಲ.

ಈಗ ಅದೇ ಹಾಳೆಯ ಮೂರು ಪ್ರತಿ ಮಾಡಿಸಿ ಮೂವರಿಗೂ ಕೊಡಿ. "ಇಷ್ಟೂ ಸೇರಿ ನಿಮ್ಮ ಕೊನೆಯ ಬೆಲೆ ಬರೆದು ಕೊಡಿ" ಅನ್ನಿ. ಕಲ್ಟಿವೇಟರ್ ಫ್ರೀ ಅಂದವರಿಗೆ ಇನ್ನೊಂದು ಮಾತು ಕೇಳಿ: "ಅದು ಬೇಡ ಅಂದ್ರೆ ಎಷ್ಟು?" ಬರುವ ಉತ್ತರದಿಂದ ಆ ಕಲ್ಟಿವೇಟರಿಗೆ ಅವರು ಎಷ್ಟು ಬೆಲೆ ಹಾಕಿದ್ದಾರೆ ಅಂತ ಗೊತ್ತಾಗುತ್ತದೆ. ನಿಮಗೆ ನಿಜಕ್ಕೂ ಬೇಕಾಗಿದ್ದರೆ, ಹೊರಗೆ ಅದಕ್ಕಿಂತ ಜಾಸ್ತಿ ಬೆಲೆ ಇದ್ದರೆ, ತಗೊಳ್ಳಿ. ಮನೆಯಲ್ಲಿ ಈಗಾಗಲೇ ಒಂದಿದ್ದರೆ ಅದು ಫ್ರೀ ಅಲ್ಲ, ನಿಮ್ಮ ದುಡ್ಡಲ್ಲೇ ಇನ್ನೊಂದು ತಂದಂತೆ.

"ನೀವೇ ರೇಟು ಹೇಳಿ" ಅನ್ನುವವರ ಹತ್ತಿರ ಮೊದಲು ಬಾಯಿ ಬಿಡಬೇಡಿ. ಬೇರೆಯವರ ಬೆಲೆ ನಿಮ್ಮ ಕೈಲಿ ಇಲ್ಲದ ಹೊತ್ತಿನಲ್ಲಿ ನೀವು ಹೇಳಿದ ಅಂಕಿ ಅವರು ಒಪ್ಪುತ್ತಿದ್ದುದಕ್ಕಿಂತ ಮೇಲೇ ಇದ್ದರೆ ಅಲ್ಲಿಗೆ ಮುಗಿಯಿತು, ಇನ್ನು ಕೆಳಗೆ ಬರುವ ದಾರಿ ಇಲ್ಲ. ಬೇರೆ ಎರಡು ಕೊಟೇಷನ್ ಬಂದ ಮೇಲೆ ಹೋಗಿ. ಆಗ ಒಂದು ಅಂಕಿ ಹೇಳಿ, ಹೇಳಿ ಸುಮ್ಮನಿರಿ. ಎದುರಿನವರು ಯೋಚನೆ ಮಾಡುತ್ತಿರುವಾಗ ನಾವೇ ಮೌನ ತಾಳಲಾರದೆ "ಸರಿ, ಇನ್ನೊಂದು ಸ್ವಲ್ಪ ಸೇರಿಸ್ತೀನಿ" ಅಂದುಬಿಡುತ್ತೇವೆ. ಅಲ್ಲೇ ಎಷ್ಟೋ ಜನ ಕಳೆದುಕೊಳ್ಳುವುದು.

ಡೀಲರ್ ಕಡೆಯ ಕಷ್ಟವನ್ನೂ ತಿಳಿದಿರಬೇಕು, ಅದರಿಂದ ನಿಮಗೇ ಅನುಕೂಲ. ಷೋರೂಮಿನಲ್ಲಿ ನಿಂತ ಗಾಡಿಗಳನ್ನು ಅವರೂ ಬಹಳಷ್ಟು ಸಲ ಸಾಲ ಮಾಡಿಯೇ ತಂದಿರುತ್ತಾರೆ. ಗಾಡಿ ಹೋಗದೆ ನಿಂತಷ್ಟು ದಿನ ಬಡ್ಡಿ ಅವರ ತಲೆ ಮೇಲೆ. ಆರು ತಿಂಗಳಿಂದ ಮೂಲೆಯಲ್ಲಿ ನಿಂತ ಗಾಡಿಯನ್ನೂ ನಿನ್ನೆ ಬಂದ ಗಾಡಿಯನ್ನೂ ಒಂದೇ ಬೆಲೆಗೆ ಕೇಳಬೇಡಿ. ಹಾಗೆಯೇ ಕಂಪನಿ ಅವರಿಗೆ ಇಷ್ಟು ತಿಂಗಳಲ್ಲಿ ಇಷ್ಟು ಗಾಡಿ ಮಾರಬೇಕು ಅಂತ ಗುರಿ ಕೊಟ್ಟಿರುತ್ತದೆ, ಮುಟ್ಟಿದರೆ ಪ್ರೋತ್ಸಾಹಧನ. ಒಂದೆರಡು ಗಾಡಿ ಬಾಕಿ ಇದ್ದಾಗ ತಿಂಗಳ ಕೊನೆಯಲ್ಲಿ, ಮೂರು ತಿಂಗಳ ಲೆಕ್ಕ ಮುಗಿಯುವ ಹೊತ್ತಿನಲ್ಲಿ, ಅವರ ಕೈ ಸ್ವಲ್ಪ ಸಡಿಲ ಆಗುತ್ತದೆ. ಉಳುಮೆ ಶುರುವಾಗಿ ಎಲ್ಲರೂ ಬಾಗಿಲಲ್ಲಿ ನಿಂತಾಗ ಆಗಲ್ಲ. ನಿಮಗೆ ಅವಸರ ಇಲ್ಲದ ಕಾಲದಲ್ಲಿ ಕೊಳ್ಳಿ.

ಆದರೆ ಡೀಲರಿಗೆ ಏನೂ ಉಳಿಯದ ಹಾಗೆ ಹಿಂಡಬೇಕಾಗಿಲ್ಲ. ನಾನು ಇದನ್ನು ಮನಸಾರೆ ಹೇಳ್ತಿದ್ದೇನೆ. 50 ಗಂಟೆಗೆ ಮೊದಲ ಸರ್ವಿಸ್ ಅಂತಿದ್ದರೆ ಅಲ್ಲಿಂದ ಶುರು, ಮುಂದೆ ಹತ್ತು ವರ್ಷ ಫಿಲ್ಟರ್, ಕ್ಲಚ್ ಪ್ಲೇಟು, ಸೀಲುಗಳಿಗೆ ಅವರ ಹತ್ತಿರವೇ ಹೋಗಬೇಕು. ಬಿತ್ತನೆ ಮಧ್ಯೆ ಗಾಡಿ ನಿಂತಾಗ ಮೆಕ್ಯಾನಿಕ್ ಅದೇ ದಿನ ಬರುತ್ತಾನಾ ಅನ್ನುವುದು, ಬೆಲೆಯಲ್ಲಿ ಉಳಿಸಿದ ನೂರಕ್ಕೆ ಒಂದೆರಡಕ್ಕಿಂತ ದೊಡ್ಡದು. ಅದಕ್ಕೇ ಕೊಟೇಷನ್ ತಗೊಳ್ಳೋಕೆ ಹೋದ ದಿನ ಹಿಂದಿನ ವರ್ಕ್‌ಶಾಪಿಗೂ ಒಂದು ಸುತ್ತು ಹೋಗಿ ಬನ್ನಿ. ಬಿಡಿಭಾಗದ ಕೌಂಟರಿನಲ್ಲಿ ನಿಮ್ಮ ಮಾಡೆಲ್ಲಿನ ಆಯಿಲ್ ಫಿಲ್ಟರ್ ಈಗ ಇದೆಯಾ ಕೇಳಿ. ಅಲ್ಲಿ ಸರ್ವಿಸಿಗೆ ಬಂದವರನ್ನು ಮಾತಾಡಿಸಿ, ಗಾಡಿ ಬಿಟ್ಟು ಎಷ್ಟು ದಿನ ಆಯಿತು ಅಂತ. ದೂರದ ಡೀಲರ್ ಸ್ವಲ್ಪ ಕಡಿಮೆಗೆ ಕೊಟ್ಟರೆ ಆ ಕಾಗದ ಹಿಡಿದು ಹತ್ತಿರದವರ ಬಳಿ ಬನ್ನಿ, "ಇದರ ಹತ್ತಿರಕ್ಕೆ ಬನ್ನಿ, ನಿಮ್ಮಲ್ಲೇ ತಗೊಳ್ತೀನಿ" ಅನ್ನಿ. ಪೂರ್ತಿ ಸಮ ಆಗದಿದ್ದರೂ ನಾನಾದರೆ ಹತ್ತಿರದವರಲ್ಲೇ ಕೊಳ್ಳುತ್ತೇನೆ.

ಪ್ರಶ್ನೆ: ಹಳೇ ಟ್ರ್ಯಾಕ್ಟರ್ ಎಕ್ಸ್‌ಚೇಂಜ್ ಮಾಡಬೇಕು. ಒಬ್ಬ ಡೀಲರ್ ಅದಕ್ಕೆ ಬೇರೆಲ್ಲರಿಗಿಂತ ಬಹಳ ಜಾಸ್ತಿ ಕೊಡ್ತೀನಿ ಅಂತಿದ್ದಾರೆ. ಅವರಲ್ಲೇ ಕೊಡಲಾ?

ಉತ್ತರ: ಅವರು ಹಳೇದಕ್ಕೆ ಜಾಸ್ತಿ ಕೊಟ್ಟು ಹೊಸದಕ್ಕೆ ಜಾಸ್ತಿ ತಗೊಂಡರೆ ನಿಮಗೆ ಬಂದದ್ದೇನು? ಕೈಯಿಂದ ಕೊಡಬೇಕಾದ ವ್ಯತ್ಯಾಸ ಎಷ್ಟು, ಅದೊಂದೇ ನೋಡಿ. ಬೇರೆ ಡೀಲರ್ ಹಳೇದಕ್ಕೆ 30 ಕೊಟ್ಟು ಹೊಸದಕ್ಕೆ 95 ಕೇಳಿದರೆ ನಿಮ್ಮ ಕೈಯಿಂದ ಹೋಗುವುದು 65. ಇವರು ಹಳೇದಕ್ಕೆ 35 ಕೊಟ್ಟು ಹೊಸದಕ್ಕೆ 102 ಕೇಳಿದರೆ 67. ಜಾಸ್ತಿ ಕೊಟ್ಟವರೇ ತುಟ್ಟಿ.

ಹಾಗಾಗಿ ಮೊದಲ ದಿನ ಹಳೇ ಗಾಡಿ ಮಾತೇ ಎತ್ತಬೇಡಿ. ಕೇಳಿದರೆ "ಇನ್ನೂ ತೀರ್ಮಾನ ಮಾಡಿಲ್ಲ" ಅನ್ನಿ. ಹೊಸದರ ಬೆಲೆ ಬರೆದು ಕೊಟ್ಟ ಮೇಲೆ ಹಳೇದನ್ನು ತೋರಿಸಿ. ಹೊರಗೆ ನೇರವಾಗಿ ಮಾರಿದರೆ ಎಷ್ಟು ಬರುತ್ತದೆ ಅಂತ ಒಬ್ಬಿಬ್ಬರನ್ನು ಕೇಳಿಟ್ಟುಕೊಂಡು ಹೋಗಿ. ಡೀಲರಿಗೆ ಅದನ್ನು ರಿಪೇರಿ ಮಾಡಿಸಿ ಮತ್ತೆ ಮಾರಬೇಕು, ಸ್ವಲ್ಪ ಕಡಿಮೆ ಕೊಡುವುದು ಸಹಜ. ಆ ಕಡಿಮೆ ಎಷ್ಟಾದರೆ ನಿಮಗೆ ಪರವಾಗಿಲ್ಲ ಅಂತ ಮನೆಯಲ್ಲೇ ನಿಶ್ಚಯ ಮಾಡಿಕೊಳ್ಳಿ. ತೋರಿಸುವ ಮುಂಚೆ ಗಾಡಿ ತೊಳೆಯಿರಿ, ಸರ್ವಿಸ್ ಚೀಟಿಗಳು ಇದ್ದರೆ ಜೊತೆಗಿಡಿ. ಇಂಜಿನ್ ಪಕ್ಕ ಎಣ್ಣೆ ಮೆತ್ತಿದ್ದರೆ ನೋಡಿದವರು ಸೋರಿಕೆ ಅಂತಲೇ ಲೆಕ್ಕ ಹಾಕುತ್ತಾರೆ.

ಪ್ರಶ್ನೆ: ಡೀಲರ್ ಬೆಲೆ ಮಾತಾಡೋಕೇ ಬಿಡಲ್ಲ. "ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲಿರಿ ಹೇಳಿ, ಉಳಿದದ್ದು ನಾವು ನೋಡ್ಕೊಳ್ತೀವಿ" ಅಂತಾರೆ. ಬಡ್ಡಿ ಬರೀ 8 ಅಂತೆ.

ಉತ್ತರ: ಕಂತಿನ ಮಾತಿಗೆ ಮಾತ್ರ ಒಪ್ಪಬೇಡಿ. ಕಂತು ಕಡಿಮೆ ಮಾಡುವುದು ಬಹಳ ಸುಲಭ, ಒಂದೆರಡು ವರ್ಷ ಜಾಸ್ತಿ ಎಳೆದರೆ ಆಯಿತು. ಬೆಲೆ ಹಾಗೇ ಉಳಿಯುತ್ತದೆ, ಬಡ್ಡಿ ಬೆಳೆಯುತ್ತದೆ.

8 ಅಂದರೆ ಯಾವ 8 ಅಂತ ಕೇಳಿ. ಫ್ಲಾಟ್ ಬಡ್ಡಿನಾ, ಅಥವಾ ಉಳಿದ ಅಸಲಿನ ಮೇಲೆ ಮಾತ್ರವಾ? ಈ ಒಂದು ಪದದಲ್ಲಿ ಎಷ್ಟು ದುಡ್ಡು ಅಡಗಿದೆ ನೋಡಿ. 100 ಸಾಲ, 5 ವರ್ಷ ಅಂದುಕೊಳ್ಳಿ. ಫ್ಲಾಟ್ ಆದರೆ ವರ್ಷಕ್ಕೆ 8ರಂತೆ ಐದು ವರ್ಷಕ್ಕೆ 40 ಬಡ್ಡಿ. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಪೂರ್ತಿ 100ರ ಮೇಲೆಯೇ. ಉಳಿದ ಅಸಲಿನ ಮೇಲೆ ಆದರೆ ಅದೇ 8ಕ್ಕೆ ಒಟ್ಟು ಬಡ್ಡಿ ಸುಮಾರು 22. ಹೆಚ್ಚುಕಮ್ಮಿ ಅರ್ಧ! ಇನ್ನೊಂದು ರೀತಿ ಹೇಳಬೇಕೆಂದರೆ 5 ವರ್ಷದ ಫ್ಲಾಟ್ 8 ಅನ್ನುವುದು ನಿಜವಾಗಿ ಸುಮಾರು 14ರ ಬಡ್ಡಿ. ಗೊತ್ತಿಲ್ಲದೆ ಸಹಿ ಹಾಕಿದವರನ್ನು ನೋಡಿ ನನಗೆ ತುಂಬಾ ಸಂಕಟ ಆಗಿದೆ, ಯಾಕಂದ್ರೆ ಬೆಲೆಯಲ್ಲಿ ದಿನಗಟ್ಟಲೆ ಗುದ್ದಾಡಿ ಇಳಿಸಿದ್ದೆಲ್ಲ ಈ ಒಂದು ಸಾಲಿನಲ್ಲಿ ಹೋಗಿಬಿಡುತ್ತದೆ.

ಬ್ಯಾಂಕಿಗೆ ಮೊದಲೇ ಹೋಗಿ ಅಲ್ಲಿ ಎಷ್ಟು ಬಡ್ಡಿ ಅಂತ ಬರೆಸಿಕೊಂಡು ಬನ್ನಿ. ಡೀಲರ್ ತೋರಿಸುವ ಸಾಲ ಅದಕ್ಕಿಂತ ಒಳ್ಳೆಯದಿದ್ದರೆ ಸಂತೋಷ. ಸೊನ್ನೆ ಬಡ್ಡಿ ಅಂದರೂ "ಪೂರ್ತಿ ದುಡ್ಡು ಒಂದೇ ಸಲ ಕೊಟ್ಟರೆ ಬೆಲೆ ಎಷ್ಟು?" ಅಂತ ಕೇಳಿ ನೋಡಿ. ಬಹಳಷ್ಟು ಸಲ ಸೊನ್ನೆ ಬಡ್ಡಿ ತಗೊಂಡವರಿಗೆ ನಗದು ರಿಯಾಯಿತಿ ಇರುವುದಿಲ್ಲ. ಸಾಲ ಬೇಕೇ ಬೇಕು ಅನ್ನುವವರಿಗೆ ಸೊನ್ನೆ ಬಡ್ಡಿ ಲಾಭವೇ, ದುಡ್ಡು ಕೈಯಲ್ಲಿದ್ದವರಿಗೆ ನಗದು ಬೆಲೆ.

ಪ್ರಶ್ನೆ: ಹೊಲ ನನ್ನದು, ದುಡ್ಡು ನನ್ನದು, ಗಾಡಿ ಓಡಿಸುವವಳೂ ನಾನೇ. ಆದರೆ ಷೋರೂಮಿನಲ್ಲಿ ಜೊತೆಗೆ ಬಂದ ತಮ್ಮನ ಹತ್ತಿರವೇ ಮಾತಾಡ್ತಾರೆ, ನನಗೆ ಬಣ್ಣ ಯಾವುದು ಬೇಕು ಅಂತ ಕೇಳ್ತಾರೆ.

ಉತ್ತರ: ಅಕ್ಕಾ, ಮುಂದಿನ ಸಲ ಒಬ್ಬರೇ ಹೋಗಿ. ಮೊದಲ ಉತ್ತರದಲ್ಲಿ ಹೇಳಿದ ಆ ಹಾಳೆಯನ್ನು ಮೇಜಿನ ಮೇಲಿಟ್ಟು "ಪಿಟಿಒ ಎಚ್‌ಪಿ ಎಷ್ಟು, ಲಿಫ್ಟ್ ಎಷ್ಟು ಕಿಲೋ?" ಅಂತ ಶುರು ಮಾಡಿ. ಟೆಸ್ಟ್ ಡ್ರೈವ್ ಕೇಳಿ, ಸಾಧ್ಯವಾದರೆ ಉಪಕರಣ ಹಾಕಿಕೊಂಡು ಮಣ್ಣಿನಲ್ಲೇ. ನೀವು ಕ್ಲಚ್ ಬಿಡುವುದನ್ನು ನೋಡಿದ ಮೇಲೂ ಮಾತು ಬದಲಾಗದಿದ್ದರೆ ಬೇರೆ ಡೀಲರ್ ಹುಡುಕಿ. ಇವತ್ತು ಕೊಳ್ಳುವಾಗ ನಿಮ್ಮ ಮಾತು ಕೇಳದವರು ನಾಳೆ ಗೇರ್ ಸದ್ದು ಬರುತ್ತಿದೆ ಅಂದಾಗ ಕೇಳ್ತಾರೆ ಅಂತ ನನಗೆ ಅನ್ನಿಸಲ್ಲ.

ಪ್ರಶ್ನೆ: ಮುಂಗಡ ಕೊಟ್ಟಾಗಿದೆ. ಈಗ ಕಂಪನಿ ಬೆಲೆ ಏರಿಸಿದೆ, ಜಾಸ್ತಿ ಕೊಡಿ ಅಂತಾರೆ. ಡೆಲಿವರಿ ದಿನ ಇನ್ನೇನಾದರೂ ತಕರಾರು ಬಂದರೆ ಏನು ಮಾಡಲಿ?

ಉತ್ತರ: ಮುಂಗಡದ ರಶೀದಿ ತೆಗೆದು ನೋಡಿ. ಅದರಲ್ಲಿ ಮಾಡೆಲ್, ಒಟ್ಟು ಬೆಲೆ, ಕೊಡುವ ದಿನ ಇದ್ದರೆ ನೀವು ಗಟ್ಟಿಯಾಗಿ ನಿಲ್ಲಬಹುದು. ಬರೀ ಮೊತ್ತ ಬರೆದು ಕೊಟ್ಟಿದ್ದರೆ ಕಷ್ಟ, ಆದರೂ ಕೇಳಿ: ಬೆಲೆ ಏರಿದ್ದಕ್ಕೆ ಕಂಪನಿಯ ಪತ್ರ ತೋರಿಸಿ, ಇಲ್ಲ ಮುಂಗಡ ವಾಪಸ್ ಕೊಡಿ. ಇನ್ನೂ ಮುಂಗಡ ಕೊಡದ ಓದುಗರು ಚಿಕ್ಕ ಮೊತ್ತವೇ ಕೊಡಿ, "ಡೆಲಿವರಿವರೆಗೆ ಇದೇ ಬೆಲೆ, ಗಾಡಿ ಬೇಡವಾದರೆ ಹಣ ವಾಪಸ್" ಅಂತ ರಶೀದಿಯಲ್ಲೇ ಬರೆಸಿಕೊಳ್ಳಿ.

ಡೆಲಿವರಿ ದಿನ ಬೆಳಕಿರುವಾಗ ಹೋಗಿ, ಸಂಜೆ ಬೇಡ. ಬಾಕಿ ದುಡ್ಡು ಜೇಬಿನಲ್ಲಿರುವಾಗಲೇ ಗಾಡಿ ನೋಡಿ ಮುಗಿಸಿ. ಚಾಸಿ ನಂಬರ್, ಇಂಜಿನ್ ನಂಬರ್ ಬಿಲ್ಲಿನ ಜೊತೆ ಹೋಲಿಸಿ. ಅವರ್ ಮೀಟರ್ ನೋಡಿ, ಹೊಸ ಗಾಡಿಯಲ್ಲಿ ಅಲ್ಪಸ್ವಲ್ಪ ಗಂಟೆ ಇರುತ್ತದೆ, 60-70 ಇದ್ದರೆ ಅದು ಡೆಮೊಗೆ ಓಡಿಸಿದ ಗಾಡಿ ಇರಬೇಕು, ಅದಕ್ಕೆ ಹೊಸದರ ಬೆಲೆ ಕೊಡಬೇಡಿ. ಆಮೇಲೆ ಹಿಂದಿನ ಟಯರ್ ಪಕ್ಕ ಕೂತು ಅಂಚಿನ ಮಣ್ಣು ಒರೆಸಿ. ಬಹಳಷ್ಟು ಟಯರ್‌ಗಳಲ್ಲಿ ತಯಾರಾದ ದಿನ ನಾಲ್ಕು ಅಂಕಿಯಲ್ಲಿ ಅಚ್ಚಾಗಿರುತ್ತದೆ. 2324 ಅಂದ್ರೆ 2024ರ 23ನೇ ವಾರ. ಗಾಡಿ ಈ ವರ್ಷದ್ದು ಅಂತ ಹೇಳಿ ಟಯರ್ ಎರಡು ವರ್ಷ ಹಳೇದಿದ್ದರೆ ಗಾಡಿ ಎಲ್ಲಿ, ಎಷ್ಟು ದಿನ ನಿಂತಿತ್ತು ಅಂತ ಕೇಳಿ. ಒಂದೋ ಟಯರ್ ಬದಲಿಸಿಕೊಡಲಿ, ಇಲ್ಲ ಬೆಲೆ ಇಳಿಸಲಿ. ಎರಡೂ ಆಗಲ್ಲ ಅಂದರೆ ಸಹಿ ಹಾಕದೆ ಎದ್ದು ಬನ್ನಿ.