ಲೆಟ್, ಅಲೌ, ಪರ್ಮಿಟ್ ಎಲ್ಲಾ ಒಂದೇನಾ?

ಮೂರಕ್ಕೂ ನಿಘಂಟಿನಲ್ಲಿ 'ಅನುಮತಿ ಕೊಡು' ಅಂತಲೇ ಇದೆ, ಹಾಗಾದರೆ ಯಾವುದನ್ನು ಎಲ್ಲಿ ಹಾಕಿದರೂ ನಡೆಯುತ್ತಾ ಅಂತ ಕೇಳಿದ್ದೀರಿ. ಜಾಸ್ತಿ ಕಡೆ ನಡೆಯುತ್ತದೆ. ಕೆಲವು ಕಡೆ ಮಾನ ಹೋಗುತ್ತದೆ, ನನ್ನದು ಹೋಗಿದೆ.

ಲೆಟ್ ಅಂದರೆ ನಮ್ಮ 'ಬಿಡು'. ಮಗುವನ್ನು ಮಣ್ಣಲ್ಲಿ ಆಡೋಕೆ ಬಿಟ್ಟೆ, ಟೀ ಆರೋಕೆ ಬಿಟ್ಟೆ ಅಂತೀವಲ್ಲ, ಅಲ್ಲಿ ಯಾರೂ ಅನುಮತಿ ಕೊಟ್ಟಿಲ್ಲ, ಸುಮ್ನೆ ಅಡ್ಡ ಬಂದಿಲ್ಲ ಅಷ್ಟೇ. ಪರ್ಮಿಟ್ ಇನ್ನೊಂದು ತುದಿ. ಲಾರಿ ಮೇಲೆ 'ನ್ಯಾಷನಲ್ ಪರ್ಮಿಟ್' ಅಂತ ಬರೆದಿರುತ್ತದಲ್ಲ, ಆ ಪದದ ಹಿಂದೆ ಯಾವಾಗಲೂ ಒಂದು ಕಾನೂನು, ಒಂದು ಸೀಲು ಇದ್ದ ಹಾಗೆ. ಅಮ್ಮ ಸಿನಿಮಾಗೆ ಕಳಿಸಲಿಲ್ಲ ಅನ್ನೋದಕ್ಕೆ ಪರ್ಮಿಟ್ ಹಾಕಿದರೆ, ನೀವು ಅರ್ಜಿ ಕೊಟ್ಟು ಅಮ್ಮ ಅದನ್ನು ತಿರಸ್ಕರಿಸಿದ ಹಾಗೆ ಕೇಳಿಸುತ್ತದೆ! ಅಲೌ ಇವೆರಡರ ನಡುವೆ, ಮನೆಗೂ ಸೈ, ಆಫೀಸಿಗೂ ಸೈ. ಅನುಮಾನ ಬಂದರೆ ಅದನ್ನೇ ಹಾಕಿ.

ವ್ಯಾಕರಣದಲ್ಲಿ ಒಂದೇ ವಿಷಯ: 'ಅಲೌ ಮಿ ಟು ಗೋ' ಸರಿ, 'ಲೆಟ್ ಮಿ ಗೋ' ಸರಿ, ಆದರೆ 'ಲೆಟ್ ಮಿ ಟು ಗೋ' ತಪ್ಪು. ಲೆಟ್ ಜೊತೆ ಈ 'ಟು' ಬರಲ್ಲ.

ಈಗ ನನ್ನ ಕಥೆ. ಹಿಂದೆ ಒಂದು ಕಂಪನಿಯಲ್ಲಿದ್ದಾಗ ಮ್ಯಾನೇಜರ್ ಒಂದು ದಿನ ನಾಲ್ಕು ಗಂಟೆಗೇ ಮನೆಗೆ ಹೋಗೋಕೆ ಬಿಟ್ಟರು. ಮರುದಿನ ಹೊರದೇಶದ ಟೀಮಿಗೆ, ನಿನ್ನೆ ಮೀಟಿಂಗಿಗೆ ಯಾಕೆ ಬರಲಿಲ್ಲ ಅಂತ ವಿವರಿಸುತ್ತಾ 'ಐ ವಾಸ್ ಲೆಟ್ ಗೋ' ಅಂತ ಬರೆದೆ. ಕೆಲಸದಿಂದ ತೆಗೆದರು ಅಂತ ಅದರ ಅರ್ಥ! ಅರ್ಧ ಗಂಟೆಯಲ್ಲಿ ಮೂರು ಜನ ಸಮಾಧಾನ ಹೇಳಿ ಮೆಸೇಜ್ ಕಳಿಸಿದರು, ಒಬ್ಬರಂತೂ ಬೇರೆ ಕೆಲಸ ಹುಡುಕಿಕೊಡ್ತೀನಿ ಅಂದರು. ಅಂಥ ಕಡೆ 'ಐ ವಾಸ್ ಅಲೌಡ್ ಟು ಲೀವ್' ಅನ್ನಬೇಕಿತ್ತು.

ಇನ್ನೊಂದು ತಮಾಷೆ. ನಿಮ್ಮ ಹತ್ತಿರ ಪಾಸ್‌ಪೋರ್ಟ್ ಇದ್ದರೆ ತೆಗೆದು ನೋಡಿ. ರಾಷ್ಟ್ರಪತಿಗಳ ಹೆಸರಿನಲ್ಲಿ ಒಂದು ಕೋರಿಕೆ ಇದೆ, ಇವರನ್ನು 'ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್' ಓಡಾಡಲು ಅಲೌ ಮಾಡಿ ಅಂತ. ಅಲ್ಲಿ ಲೆಟ್ ಅಂದರೆ ಬಿಡೋದಲ್ಲ, ತಡೆಯೋದು. ಹಳೇ ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಬೇರೆ ಪದಗಳು, ಸವೆದು ಸವೆದು ಒಂದೇ ರೂಪಕ್ಕೆ ಬಂದಿವೆ. ತಡೆಯೋ ಲೆಟ್ ಈಗ ಇಂಥ ಕಾಗದಗಳಲ್ಲಿ, ಟೆನಿಸ್‌ನಂಥ ಆಟಗಳಲ್ಲಿ ಬಿಟ್ಟರೆ ಬಳಕೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಪರೀಕ್ಷೆಗೆ ಓದುತ್ತಿದ್ದರೆ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ.